ಶಿರಸಿಯಲ್ಲಿ 70 ಜನರ ಬ್ರಂಚ್‌ಗೆ ಜಾಗ ಬೇಕು: ಮಾಸ್ತರು, ಅಕ್ಕೋರು ಬರುತ್ತಾರೆ

ಸೋಂದಾ ದಾರಿ

ಎಲ್ಲರಿಗೂ ನಮಸ್ಕಾರ. ನಾವು 1999ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದವರು. ಆಮೇಲೆ ಒಂದು ಸಲವೂ ಎಲ್ಲರೂ ಒಟ್ಟಿಗೆ ಸೇರಿಲ್ಲ. ಈ ಸಲ ಸೇರಲೇಬೇಕು ಎಂದು ಹೊರಟಿದ್ದೇವೆ. ನಮಗೆ ಕಲಿಸಿದವರಲ್ಲಿ ಈಗ ಆರು ಜನ ಮಾತ್ರ ಮನೆಯಿಂದ ಹೊರಗೆ ಬರುವಷ್ಟು ಗಟ್ಟಿ ಇದ್ದಾರೆ. ಗಣಿತದ ಮಾಸ್ತರಿಗೆ 81. ಕನ್ನಡದ ಅಕ್ಕೋರಿಗೆ ಮಂಡಿ ನೋವು, ಕೆಳಗೆ ಕೂರಲು ಆಗುವುದಿಲ್ಲ. ಇನ್ನೂ ಮುಂದೆ ಹಾಕಿದರೆ ಯಾರಿಗೋಸ್ಕರ ಸೇರುತ್ತೇವೋ ಅವರೇ ಇರುವುದಿಲ್ಲ.

ಲೆಕ್ಕ ಹೀಗಿದೆ. ನಾವು 38 ಜನ, ಮನೆಯವರು ಮಕ್ಕಳು 26, ಕಲಿಸಿದವರು 6. ಒಟ್ಟು 70. ಬೆಂಗಳೂರಿನವರು ರಾತ್ರಿ ಬಸ್ಸಿಗೆ ಹೊರಟು ಬೆಳಿಗ್ಗೆ ಆರಕ್ಕೆ ಶಿರಸಿಯಲ್ಲಿ ಇಳಿಯುತ್ತಾರೆ. ಕುಮಟಾ, ಹೊನ್ನಾವರ, ಅಂಕೋಲಾದವರು ಘಟ್ಟ ಹತ್ತಿ ಬರಬೇಕು, ಕತ್ತಲಾಗುವ ಮೊದಲು ಇಳಿಯಬೇಕು. ಹಾಗಾಗಿ ಬೆಳಗಿನ ತಿಂಡಿ, ಮಧ್ಯಾಹ್ನದ ಊಟ ಎಂದು ಎರಡು ಮಾಡದೆ ಒಂಬತ್ತೂವರೆಯಿಂದ ಒಂದೂವರೆವರೆಗೆ ಬ್ರಂಚ್ ಮಾಡೋಣ ಎಂದು ಮಾತಾಗಿದೆ.

ಜನವರಿ 26ರ ರಜೆಗೆ ಹತ್ತಿರದ ಭಾನುವಾರ ಎಂದುಕೊಂಡಿದ್ದೇವೆ. ಮೂರು ಹೋಮ್‌ಸ್ಟೇ ಕೇಳಿದೆ. ಉಳಿದುಕೊಳ್ಳುವವರಿಗೆ ಮಾತ್ರ ಊಟ ಎಂದರು. ಎರಡು ಹೋಟೆಲ್‌ಗಳಲ್ಲಿ ಭಾನುವಾರ ಅಷ್ಟು ಜನಕ್ಕೆ ಆಗುವುದಿಲ್ಲ ಎಂದರು. ಯಾರಾದರೂ ದಾರಿ ತೋರಿಸಿ.

ಕುಮಟಾ ಕಡಲು

ಕೆಳಗೆ ಬನ್ನಿ ಮಾರಾಯ್ರೆ! ಬೆಂಗಳೂರಿನವರಿಗೆ ಪಂಚಗಂಗಾ ರೈಲಿದೆ, ಬೆಳಿಗ್ಗೆ ಕುಮಟಾದಲ್ಲೇ ಇಳಿಯಬಹುದು. ಶಿರಸಿಗೆ ರೈಲೇ ಇಲ್ಲ. ಸಮುದ್ರದ ಹತ್ತಿರ ಹುಲ್ಲುಹಾಸು, ತೆಂಗಿನ ನೆರಳು ಇರುವ ರೆಸಾರ್ಟುಗಳು ಈಗ ಸುಮಾರು ಆಗಿವೆ. ಮಕ್ಕಳಿಗೆ ನೀರು ಸಿಕ್ಕಿದರೆ ಬೇರೆ ಏನೂ ಬೇಡ. ನಮ್ಮ ಕಡೆಯವರಿಗೂ ಘಟ್ಟ ಹತ್ತುವ ಕಷ್ಟ ತಪ್ಪುತ್ತದೆ.

ನೀಲೇಕಣಿ ಕ್ರಾಸ್

ಅಣ್ಣಾ, ನಿಮ್ಮ ಪ್ರೀತಿ ದೊಡ್ಡದು, ಆದರೆ 81 ವರ್ಷದವರನ್ನು ದೇವಿಮನೆ ಘಟ್ಟದ ತಿರುವುಗಳಲ್ಲಿ ಕೂರಿಸಿಕೊಂಡು ಹೋಗುವುದು ಬೇಡ. ಶಿರಸಿಯಿಂದ ಕುಮಟಾಕ್ಕೆ ಸುಮಾರು 60 ಕಿಲೋಮೀಟರ್. ಹೋಗಿ ಬರುವುದು ಅಂದರೆ ಅವರಿಗೆ ಅರ್ಧ ದಿನ ಕಾರಿನಲ್ಲೇ ಕಳೆಯುತ್ತದೆ. ನಮ್ಮಪ್ಪನಿಗೆ 78. ಹೋದ ವರ್ಷ ಒಂದು ಗೃಹಪ್ರವೇಶಕ್ಕೆ ಘಟ್ಟ ಇಳಿಸಿದೆವು. ಅಲ್ಲಿ ತಲುಪಿದ ಮೇಲೆ ಊಟವನ್ನೇ ಮುಟ್ಟಲಿಲ್ಲ, ಒಂದು ಲೋಟ ಮಜ್ಜಿಗೆ ಕುಡಿದು ಮಲಗಿದರು.

ಕಲಿಸಿದವರು ಶಿರಸಿಯಲ್ಲಿದ್ದಾರೆ. ಹೋಗಬೇಕಾದವರು ಕಲಿತವರು. ಜಾಗ ಶಿರಸಿ ಪೇಟೆಯಲ್ಲೇ ಅಥವಾ ಐದಾರು ಕಿಲೋಮೀಟರ್ ಒಳಗೇ ಇರಲಿ. ಹೊಳೆ ದಂಡೆ, ಸಹಸ್ರಲಿಂಗ, ಯಾಣ ಇವೆಲ್ಲ ಮಾತಿಗೆ ಬರುತ್ತವೆ ನೋಡಿ, ಈಗಲೇ ಬೇಡ ಎಂದುಬಿಡಿ. ಅಲ್ಲಿ ನೋಡಿ ಬರಬಹುದು, 70 ಜನಕ್ಕೆ ಬಡಿಸಲು ಆಗುವುದಿಲ್ಲ.

ಕುಮಟಾ ಕಡಲು

ನೀವು ಹೇಳಿದ್ದು ಸರಿ. ನಾನು ಮಕ್ಕಳ ಕಡೆಯಿಂದ ಯೋಚನೆ ಮಾಡಿದ್ದೆ, ಮಾಸ್ತರ ಕಡೆಯಿಂದ ಮಾಡಿರಲಿಲ್ಲ. ಒಂದು ಮಾತು ಮಾತ್ರ ನೆನಪಿರಲಿ. ಕೆಳಗಿನಿಂದ ಬರುವವರು ಹಿಂದಿನ ದಿನವೇ ಘಟ್ಟದ ರಸ್ತೆ ಹೇಗಿದೆ ಎಂದು ವಿಚಾರಿಸಿಕೊಂಡು ಹೊರಡಲಿ. ರಸ್ತೆ ಕೆಲಸ ನಡೆದಿದ್ದರೆ ಒಂದು ಗಂಟೆ ಜಾಸ್ತಿ ಹಿಡಿಯುತ್ತದೆ.

ಕೆಂಪಡಿಕೆ

ಹೋಟೆಲ್ ಬಗ್ಗೆ ನನ್ನ ಅನುಭವ ಹೇಳುತ್ತೇನೆ. ಎರಡು ವರ್ಷದ ಹಿಂದೆ ಅಮ್ಮನ 75ನೇ ಹುಟ್ಟುಹಬ್ಬಕ್ಕೆ 50 ಜನಕ್ಕೆ ಒಂದು ಹೋಟೆಲ್‌ನಲ್ಲಿ ಹೇಳಿದ್ದೆ. ಯಾವುದು ಎಂದು ಬರೆಯುವುದಿಲ್ಲ. ಅದೂ ಭಾನುವಾರ. ಮುಂಗಡ ಕೊಟ್ಟಿದ್ದೆ, ಒಳಗಿನ ಹಾಲ್ ಪೂರ್ತಿ ನಿಮಗೇ ಎಂದಿದ್ದರು. ಹತ್ತು ಗಂಟೆಗೆ ಹೋದರೆ ಹಾಲ್‌ನ ಅರ್ಧದಲ್ಲಿ ಪ್ರವಾಸದ ಬಸ್ಸಿನವರು ಕೂತು ಪೂರಿ ತಿನ್ನುತ್ತಿದ್ದರು. ಈಗ ಏಳುತ್ತಾರೆ, ಈಗ ಏಳುತ್ತಾರೆ ಎಂದು ಮುಕ್ಕಾಲು ಗಂಟೆ ಕಾಯಿಸಿದರು. ಅಮ್ಮ ಕ್ಯಾಶ್ ಕೌಂಟರ್ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ರೇಷ್ಮೆ ಸೀರೆ ಉಟ್ಟು ಕೂತಿದ್ದಳು. ಹೋಗಿ ಬರುವವರೆಲ್ಲ ಅವಳ ಮೊಣಕೈಗೆ ತಾಗಿಸಿಕೊಂಡೇ ಹೋಗುತ್ತಿದ್ದರು. ಅದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತೆ ಇದೆ.

ಹೋಟೆಲ್‌ನವರದ್ದೂ ದಿನದ ವ್ಯಾಪಾರ, ಭಾನುವಾರ ಬೆಳಿಗ್ಗೆಯೇ ಅವರಿಗೆ ಗಿರಾಕಿ ಬರುವ ಹೊತ್ತು. ನಾಲ್ಕು ತಾಸು 70 ಜನ ಕೂತು ಹರಟೆ ಹೊಡೆಯಲು ಜಾಗ ಬಿಟ್ಟುಕೊಡಿ ಎಂದು ಕೇಳುವುದೇ ತಪ್ಪು. ಹೋಟೆಲ್ ಬೇಡ. ಹಾಗೂ ಹೋಗುವುದಾದರೆ, ಯಾವ ಹಾಲ್, ಎಷ್ಟರಿಂದ ಎಷ್ಟು ಗಂಟೆ, ಬೇರೆಯವರಿಗೆ ಕೊಡುವುದಿಲ್ಲ ಎಂದು ರಸೀದಿಯ ಮೇಲೆ ಬರೆಸಿಕೊಳ್ಳಿ.

ಹುಲೇಕಲ್ ತೋಟ

ನಮ್ಮ ಮನೆಗೇ ಬನ್ನಿ ಎಂದು ಹೇಳಲು ಬಾಯಿ ಬರುತ್ತದೆ. ಅಂಗಳ ದೊಡ್ಡದಿದೆ, 100 ಜನ ಕೂರಬಹುದು. ಆದರೆ ಜನವರಿ ಅಂದರೆ ಕೊಯ್ಲಿನ ಕಾಲ. ಅಂಗಳದ ತುಂಬ ಅಡಿಕೆ ಒಣಗಲು ಹಾಕಿರುತ್ತೇವೆ. ಅದನ್ನು ಎತ್ತಿ ಮತ್ತೆ ಹರವಲು ಆಳು ಎಲ್ಲಿಂದ ತರುವುದು? ಶಿರಸಿ, ಸಿದ್ದಾಪುರ, ಯಲ್ಲಾಪುರದ ಯಾವ ತೋಟದ ಮನೆ ಕೇಳಿದರೂ ಇದೇ ಉತ್ತರ. ಏಪ್ರಿಲ್, ಮೇ ಆದರೆ ಅಂಗಳ ಖಾಲಿ, ಖುಷಿಯಿಂದ ಕೊಡುತ್ತಿದ್ದೆ. ಆಗ ಬಿಸಿಲು ಜಾಸ್ತಿ, ವಯಸ್ಸಾದವರಿಗೆ ಅದೂ ಕಷ್ಟ.

ಇನ್ನೊಂದು. ಮನೆಯಲ್ಲಿ ಬಚ್ಚಲು, ಪಾಯಖಾನೆ ಎರಡೇ ಇರುತ್ತವೆ. 70 ಜನ ನಾಲ್ಕು ತಾಸು ಇದ್ದರೆ ಹೆಂಗಸರಿಗೆ ಎಷ್ಟು ತೊಂದರೆ ಆಗುತ್ತದೆ ಎಂದು ಗಂಡಸರು ಯೋಚಿಸುವುದೇ ಇಲ್ಲ. ಜಾಗ ನೋಡಲು ಹೋದಾಗ ಮೊದಲು ಅದನ್ನು ನೋಡಿ.

ಒಗ್ಗರಣೆ ಸೌಟು

ನಮ್ಮ ಮನೆಯವರು ಅಡುಗೆ ಕೆಲಸಕ್ಕೆ ಹೋಗುವವರು. ನಾನೂ ಜೊತೆಗೆ ಹೋಗುತ್ತೇನೆ. ನೀವೆಲ್ಲ ಜಾಗ ಹುಡುಕುತ್ತಿದ್ದೀರಿ. ತಮ್ಮಾ, ಮೊದಲು ತಾರೀಖು ಬದಲಿಸು.

26ರ ರಜೆಗೆ ಊರೆಲ್ಲ ಪ್ರವಾಸಿಗರು ತುಂಬಿರುತ್ತಾರೆ. ಸಂಕ್ರಾಂತಿ ಕಳೆದ ಮೇಲೆ ಮದುವೆ ಮುಹೂರ್ತವೂ ಶುರು. ಜಾಗವೂ ಸಿಗುವುದಿಲ್ಲ, ಅಡುಗೆಯವರೂ ಸಿಗುವುದಿಲ್ಲ. ಅದೇ ಡಿಸೆಂಬರ್ ಮಧ್ಯದಿಂದ ಸಂಕ್ರಾಂತಿವರೆಗೆ ಧನುರ್ಮಾಸ. ಮದುವೆ, ಉಪನಯನ ಯಾವುದೂ ಇಲ್ಲ. ಕಲ್ಯಾಣ ಮಂಟಪಗಳು, ಸೊಸೈಟಿ ಸಭಾಭವನಗಳು ಬೀಗ ಹಾಕಿಕೊಂಡು ಇರುತ್ತವೆ. ನಾವೂ ಮನೆಯಲ್ಲಿ ಖಾಲಿ. ಹೊಸ ವರ್ಷದ ಗದ್ದಲ ಮುಗಿದ ಮೇಲೆ, ಜನವರಿಯ ಎರಡನೇ ಭಾನುವಾರ ಹಿಡಿ. ಬಾಡಿಗೆಯಲ್ಲೂ ಮಾತಾಡಬಹುದು.

ಮಂಟಪ 70 ಜನಕ್ಕೆ ದೊಡ್ಡದಾಯಿತಲ್ಲ ಎನ್ನಬೇಡ. ಮೇಲಿನ ದೊಡ್ಡ ಹಾಲ್ ಬೇಡ, ಊಟದ ಹಾಲ್ ಮತ್ತು ಅಡುಗೆ ಮನೆ ಮಾತ್ರ ಅರ್ಧ ದಿನಕ್ಕೆ ಕೊಡಿ ಎಂದು ಕೇಳು. ಖಾಲಿ ಬಿದ್ದಿರುವ ದಿನ ಬಂದ ಬಾಡಿಗೆಯನ್ನು ಯಾರೂ ಬೇಡ ಎನ್ನುವುದಿಲ್ಲ. ಪಾತ್ರೆ, ಬೆಂಚು, ಕುರ್ಚಿ, ನೀರು, ಕೈ ತೊಳೆಯುವ ಸಾಲು, ಪಾಯಖಾನೆ ಎಲ್ಲ ಅಲ್ಲೇ ಇರುತ್ತದೆ. ಹೊಸದಾಗಿ ಏನೂ ತರುವುದು ಬೇಡ.

ನೋಡಲು ಹೋದಾಗ ಹಾಲ್‌ನ ಬಣ್ಣ ನೋಡಬೇಡ. ಅಡುಗೆ ಮನೆಗೆ ಹೋಗು. ನಲ್ಲಿ ತಿರುಗಿಸಿ ನೀರು ಎಷ್ಟು ಜೋರಾಗಿ ಬರುತ್ತದೆ ನೋಡು. ಒಲೆ ಎಷ್ಟಿದೆ, ಸಿಲಿಂಡರ್ ಅವರದ್ದೋ ನಮ್ಮದೋ ಕೇಳು. ಕರೆಂಟು ಹೋದರೆ ಜನರೇಟರ್ ಇದೆಯಾ ಕೇಳು, ಕೇಳಿ ಸುಮ್ನೆ ಇರಬೇಡ, ಒಮ್ಮೆ ಚಾಲೂ ಮಾಡಿ ತೋರಿಸಲು ಹೇಳು.

ಸೋಂದಾ ದಾರಿ

ಅಕ್ಕಾ, ಇದು ನಮ್ಮ ಯಾರ ತಲೆಗೂ ಹೊಳೆದಿರಲಿಲ್ಲ. ತುಂಬ ಉಪಕಾರ. ಗುಂಪಿನಲ್ಲಿ ಹಾಕಿದೆ, ತಾರೀಖು ಬದಲಿಸಲು ಇಬ್ಬರನ್ನು ಬಿಟ್ಟು ಎಲ್ಲರೂ ಒಪ್ಪಿದರು. ಈ ವಾರ ಹೋಗಿ ನೋಡುತ್ತೇನೆ.

ಕಾರವಾರದ ಮಗಳು

ನಾನೊಂದು ಪ್ರಶ್ನೆ ಕೇಳಲಾ? ಕರಾವಳಿಯಿಂದ ಇಷ್ಟು ಜನ ಬರುತ್ತಾರೆ, ಭಾನುವಾರ ಬೇರೆ. ಮೀನು ಇಲ್ಲವೇ ಇಲ್ಲವಾ? ನಮ್ಮ ಮನೆಯಲ್ಲಿ ನೆಂಟರು ಬಂದರೆ ಬಂಗಡೆ ಹುರಿಯದೆ ಕಳಿಸುವುದು ಅಂದರೆ ಅವಮಾನ ಮಾಡಿದ ಹಾಗೆ. ಒಂದು ಕಡೆ ಸಸ್ಯಾಹಾರ, ಒಂದು ಕಡೆ ಮೀನು ಎಂದು ಬೇರೆ ಬೇರೆ ಇಡಬಹುದಲ್ವಾ?

ಒಗ್ಗರಣೆ ಸೌಟು

ತಂಗೀ, ನಿನ್ನ ಮಾತು ನ್ಯಾಯದ್ದೇ. ಆದರೆ ನಮ್ಮ ಕಡೆ ಬಹಳ ಮಂಟಪಗಳ ಅಡುಗೆ ಮನೆಯಲ್ಲಿ ಮೀನು, ಮಾಂಸಕ್ಕೆ ಒಪ್ಪಿಗೆ ಇಲ್ಲ. ಅದೇ ಪಾತ್ರೆಯಲ್ಲಿ ನಾಳೆ ಬೇರೆಯವರ ಕಾರ್ಯ ಇರುತ್ತದೆ.

ಕುಮಟಾ ಕಡಲು

ಅದಕ್ಕೆ ನಾನೊಂದು ದಾರಿ ಹೇಳುತ್ತೇನೆ. ಶನಿವಾರವೇ ಬರುವವರು ರಾತ್ರಿ ಕುಮಟಾದಲ್ಲಿ ಉಳಿಯಲಿ. ಬಂಗಡೆ, ಶೆಟ್ಲಿ (ಸಿಗಡಿ), ಅಘನಾಶಿನಿ ಹೊಳೆಯ ಬೆಳಚು (ಚಿಪ್ಪುಮೀನು) ಎಲ್ಲ ಆ ರಾತ್ರಿಯೇ ಆಗಲಿ. ಬೆಳಿಗ್ಗೆ ಏಳಕ್ಕೆ ಹೊರಟರೆ ಒಂಬತ್ತೂವರೆಗೆ ಆರಾಮಾಗಿ ಶಿರಸಿ. ಎಂಟು ಹತ್ತು ಜನ ಆದರೆ ನಮ್ಮ ಮನೆಯಲ್ಲೇ ಆಗುತ್ತದೆ, ನಿಜವಾಗಿ ಹೇಳುತ್ತಿದ್ದೇನೆ.

ಸೋಂದಾ ದಾರಿ

ನಾಲ್ಕು ಜಾಗ ನೋಡಿ ಬಂದೆ. ಒಂದರಲ್ಲಿ ಊಟದ ಹಾಲ್ ನೆಲಮಾಳಿಗೆಯಲ್ಲಿ, 14 ಮೆಟ್ಟಿಲು. ಅಕ್ಕೋರಿಗೆ ಆಗುವುದಿಲ್ಲ. ಎರಡನೆಯದರಲ್ಲಿ ಮೆಟ್ಟಿಲಿಲ್ಲ, ಆದರೆ ಕುಕ್ಕರಗಾಲಿನಲ್ಲಿ ಕೂರುವ ಪಾಯಖಾನೆ ಮಾತ್ರ. ಕಮೋಡ್ ಒಂದೂ ಇಲ್ಲ. ಮೂರನೆಯದು ಪೇಟೆ ನಡುವೆ, ಗಾಡಿ ನಿಲ್ಲಿಸಲು ಜಾಗ ಇಲ್ಲ. ನಾಲ್ಕನೆಯದು ಸಹಕಾರಿ ಸಂಘವೊಂದರ ಸಭಾಭವನ. ಕಾರು ಬಾಗಿಲವರೆಗೆ ಬರುತ್ತದೆ. ಎರಡೇ ಮೆಟ್ಟಿಲು, ಪಕ್ಕದಲ್ಲಿ ಇಳಿಜಾರು ಇದೆ. ಕಮೋಡ್ ಎರಡಿದೆ. ಜನರೇಟರ್ ಚಾಲೂ ಮಾಡಿಸಿ ನೋಡಿದೆ ಅಕ್ಕಾ. ಊಟದ ಹಾಲ್, ಅಡುಗೆ ಮನೆ ಬೆಳಿಗ್ಗೆ ಐದರಿಂದ ಮಧ್ಯಾಹ್ನ ಮೂರರವರೆಗೆ 6,500 ರೂಪಾಯಿ. ಮುಂಗಡ ಕೊಟ್ಟು ಬಂದೆ.

ಈಗ ತಿಂಡಿಯ ವಿಷಯ. ಗುಂಪಿನಲ್ಲಿ ಜಗಳವೇ ಆಗುತ್ತಿದೆ. ಬೆಂಗಳೂರಿನವರಿಗೆ ಬಫೆ ಬೇಕು. ಇಲ್ಲಿಯವರು ಎಲೆ ಹಾಕಿ ಪಂಕ್ತಿ ಮಾಡಿ ಎನ್ನುತ್ತಾರೆ.

ನೀಲೇಕಣಿ ಕ್ರಾಸ್

ಪಂಕ್ತಿ ಮಾಡಿದರೆ ಬ್ರಂಚ್ ಹೇಗಾಯಿತು? ಹನ್ನೊಂದಕ್ಕೆ ಎಲ್ಲರೂ ಕೂತು ಹನ್ನೊಂದೂವರೆಗೆ ಎದ್ದರೆ ಮುಗಿಯಿತು. ಮಾತು ಎಲ್ಲಿ? ಇನ್ನೊಂದು ಕಡೆ, ವಯಸ್ಸಾದವರು ತಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲಬಾರದು. ಅವರಲ್ಲಿ ಸಕ್ಕರೆ ಕಾಯಿಲೆ ಇದ್ದವರು ಎಷ್ಟು ಜನ ಎಂದು ಮೊದಲೇ ಫೋನ್ ಮಾಡಿ ಕೇಳಿ. ಮಾತ್ರೆ ತೆಗೆದುಕೊಂಡು ಹನ್ನೊಂದರವರೆಗೆ ಹಸಿದು ಕೂರುವ ಹಾಗಿಲ್ಲ. ಅವರು ಎಷ್ಟು ಹೊತ್ತಿಗೆ ಬಂದರೂ ತಿನ್ನಲು ಬಿಸಿ ಇರಬೇಕು.

ಒಗ್ಗರಣೆ ಸೌಟು

ಎರಡೂ ಮಾಡಬಹುದು. ಒಂದು ಗೋಡೆಯ ಬದಿಗೆ ಮೇಜು ಕುರ್ಚಿ ಹಾಕಿ ಕುಡಿಬಾಳೆ ಎಲೆ ಹಾಕೋಣ. ಕಲಿಸಿದವರಿಗೆ, ಮಂಡಿ ನೋವಿನವರಿಗೆ ಅಲ್ಲಿ ನಾವೇ ಬಡಿಸುತ್ತೇವೆ. ಉಳಿದವರು ಅಡಿಕೆ ಹಾಳೆ ತಟ್ಟೆಯಲ್ಲಿ ತಾವೇ ಹಾಕಿಕೊಂಡು ಎಲ್ಲಿ ಬೇಕಾದರೂ ಕೂರಲಿ.

ದೋಸೆ, ತೆಳ್ಳೇವು (ನಮ್ಮ ಕಡೆಯ ತೆಳು ದೋಸೆ) ಬಿಸಿಬಿಸಿ ಬೇಕು ಎಂದು ಎಲ್ಲರೂ ಹೇಳುತ್ತಾರೆ. ಲೆಕ್ಕ ಮಾಡಿ ನೋಡಿ. 70 ಜನ, ಒಬ್ಬರಿಗೆ ಎರಡು ಅಂದರೂ 140. ಒಂದು ಕಾವಲಿಯಲ್ಲಿ ಒಂದು ಸಲಕ್ಕೆ ನಾಲ್ಕು, ಮೂರು ನಿಮಿಷ ಹಿಡಿಯಿತು ಅಂದರೆ ತಾಸಿಗೆ 80. ಒಂದೇ ಕಾವಲಿ ಇಟ್ಟರೆ ಸಾಲು ಬಾಗಿಲು ದಾಟುತ್ತದೆ. ಎರಡು ಕಾವಲಿ, ಇಬ್ಬರು ಹುಯ್ಯುವವರು ಬೇಕೇ ಬೇಕು. ತೆಳ್ಳೇವು ಆರಿದರೆ ಚರ್ಮದ ಹಾಗೆ ಆಗುತ್ತದೆ, ಅದನ್ನು ಮಾಡಿ ಪೇರಿಸಿ ಇಡಲು ಬರುವುದಿಲ್ಲ. ಅದಕ್ಕೇ ಕಾಯದೆ ತಿನ್ನುವಂಥದ್ದು ಒಂದೆರಡು ಮೊದಲೇ ತಯಾರಿರಬೇಕು. ಇಡ್ಲಿ, ಒಗ್ಗರಣೆ ಅವಲಕ್ಕಿ, ಬನ್ಸ್. ಅವಲಕ್ಕಿ ಒಬ್ಬರಿಗೆ 50 ಗ್ರಾಂ ಹಿಡಿದರೆ ಸಾಕು.

ಹನ್ನೆರಡಕ್ಕೆ ಅನ್ನ ಇಳಿಸುತ್ತೇವೆ. ಜೊತೆಗೆ ತಂಬುಳಿ, ಉಪ್ಪಿನಲ್ಲಿಟ್ಟ ಮಾವಿನ ಮಿಡಿಯ ಅಪ್ಪೆಹುಳಿ, ಒಂದು ಪಲ್ಯ, ಮೊಸರು. ಸಾಕು. ಬೆಳಿಗ್ಗೆ ತಿಂದವರು ಅನ್ನ ಜಾಸ್ತಿ ಉಣ್ಣುವುದಿಲ್ಲ, ಅಪ್ಪೆಹುಳಿಯನ್ನು ಮಾತ್ರ ಲೋಟದಲ್ಲಿ ಕೇಳಿ ಕೇಳಿ ಕುಡಿಯುತ್ತಾರೆ. ಅದನ್ನು ಎರಡರಷ್ಟು ಮಾಡಬೇಕು. ಸಿಹಿಗೆ ತೊಡೆದೇವು ಇರಲಿ. ಅದು ಮೊದಲೇ ಮಾಡಿಟ್ಟರೂ ಕೆಡುವುದಿಲ್ಲ. ಬೋರಲು ಹಾಕಿದ ಮಡಕೆಯ ಮೇಲೆ ಅದನ್ನು ಸವರಿ ತೆಗೆಯುವವರು ಊರಿಗೆ ನಾಲ್ಕೇ ಜನ ಇರುತ್ತಾರೆ, ಹದಿನೈದು ದಿನ ಮೊದಲೇ ಹೇಳಿ. ಸಕ್ಕರೆ ಕಾಯಿಲೆಯವರಿಗೆ ಬೆಲ್ಲ ಹಾಕದ ಕಷಾಯ ಬೇರೆ ಪಾತ್ರೆಯಲ್ಲಿ.

ಕೊನೆಯದು. 70 ಎಂದಿದ್ದೀರಿ, ನಾನು 80 ಎಲೆ ಹಿಡಿಯುತ್ತೇನೆ. ಗಾಡಿ ಓಡಿಸಿಕೊಂಡು ಬರುವ ಡ್ರೈವರುಗಳನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅವರೂ ರಾತ್ರಿಯೆಲ್ಲ ನಿದ್ದೆಗೆಟ್ಟವರು.

ಕೆಂಪಡಿಕೆ

ಸಾಮಾನಿಗೆ ಟಿಎಸ್‌ಎಸ್ ಸೂಪರ್ ಮಾರ್ಕೆಟ್‌ನಲ್ಲಿ ಪಟ್ಟಿ ಹಿಡಿದು ಶುಕ್ರವಾರವೇ ತೆಗೆದುಬಿಡಿ, ಒಂದೇ ಕಡೆ ಎಲ್ಲ ಸಿಗುತ್ತದೆ. ಬಾಳೆ ಎಲೆ, ಹಾಲು ಮಾತ್ರ ಶನಿವಾರ ಸಂಜೆ. ಕುಡಿಯುವ ನೀರಿಗೆ 20 ಲೀಟರಿನ ಕ್ಯಾನ್ ಆರು ಇರಲಿ. ಉಳಿದರೆ ವಾಪಸ್ ಕೊಡಬಹುದು.

ಮೈಕ್ ಹಾಕಬೇಡಿ. ಇದನ್ನು ಕೈ ಮುಗಿದು ಕೇಳುತ್ತೇನೆ. ಮೈಕ್ ಬಂದರೆ ಭಾಷಣ ಬರುತ್ತದೆ, ಕಿವಿ ಮಂದ ಆದವರಿಗೆ ಪಕ್ಕದವರ ಮಾತೂ ಕೇಳಿಸದ ಹಾಗೆ ಆಗುತ್ತದೆ.

ಸೋಂದಾ ದಾರಿ

ಬ್ರಂಚ್ ಮುಗಿದು ಮೂರು ದಿನ ಆಯಿತು. ಇಲ್ಲಿ ಬಂದು ಹೇಳದಿದ್ದರೆ ತಪ್ಪಾಗುತ್ತದೆ.

ಗಣಿತದ ಮಾಸ್ತರು ಎಂಟು ಮುಕ್ಕಾಲಿಗೇ ಬಂದುಬಿಟ್ಟರು. ನಾವಿನ್ನೂ ಕುರ್ಚಿ ಜೋಡಿಸುತ್ತಿದ್ದೆವು. ಮಗ ಕಾರಿನಿಂದ ಇಳಿಸಿದ, ಇಳಿಜಾರಿನಲ್ಲಿ ಕೋಲೂರಿಕೊಂಡು ತಾವೇ ನಡೆದು ಬಂದರು. ಎಂಟು ಗಂಟೆಗೆ ಮಾತ್ರೆ ಆಗಿದೆ, ಏನಾದರೂ ಕೊಡ್ರೋ ಎಂದರು. ಅಕ್ಕ ಅಡುಗೆ ಮನೆ ಬಾಗಿಲಲ್ಲೇ ಒಂದು ಸ್ಟೂಲ್ ಹಾಕಿ, ಮೊದಲ ಕಾವಲಿಯ ತೆಳ್ಳೇವನ್ನು ಕುಡಿಬಾಳೆಗೆ ಹಾಕಿ, ಮೇಲೆ ತುಪ್ಪ ಬಿಟ್ಟು ಕೊಟ್ಟರು. ಅದರ ಅಂಚು ಜಾಲರಿಯ ಹಾಗೆ ಇತ್ತು. ಅವರು ಆ ಅಂಚನ್ನೇ ಮೊದಲು ಸುತ್ತಲೂ ಮುರಿದು ತಿಂದರು, ನಡುವಿನದು ಆಮೇಲೆ. ಹತ್ತು ಗಂಟೆಗೆ ನಾವೆಲ್ಲ ತಟ್ಟೆ ಹಿಡಿಯುವ ಹೊತ್ತಿಗೆ ಅವರದ್ದು ಎರಡನೇ ಸುತ್ತು.

70ರಲ್ಲಿ ನಾಲ್ಕು ಜನ ಬರಲಿಲ್ಲ. ಹೇಳದೆ ಬಂದವರು 14. ಡ್ರೈವರುಗಳು 3. ಒಟ್ಟು 83 ಎಲೆ. ಯಾರಿಗೂ ಕಡಿಮೆ ಆಗಲಿಲ್ಲ. ಅಪ್ಪೆಹುಳಿ ಎರಡರಷ್ಟು ಮಾಡಿದ್ದೂ ಒಂದು ಗಂಟೆಗೆ ಮುಗಿಯಿತು.

ಖರ್ಚು: ಹಾಲ್ 6,500. ಅಡುಗೆಯವರಿಗೆ, ಬಡಿಸಿದವರಿಗೆ 9,000. ಸಾಮಾನು 11,200. ಹಾಲು, ಮೊಸರು, ಎಲೆ, ನೀರು 2,800. ಒಟ್ಟು 29,500. ಒಬ್ಬರಿಗೆ ಸುಮಾರು 355 ರೂಪಾಯಿ ಬಿತ್ತು.

ಒಂದು ಕಡೆ ಸೋತೆವು. ಮಕ್ಕಳಿಗೆ ಆಡಲು ಏನೂ ಯೋಚಿಸಿರಲಿಲ್ಲ. ಹನ್ನೊಂದರ ಹೊತ್ತಿಗೆ ಹಾಲ್‌ನಲ್ಲೇ ಓಡಾಟ ಶುರುವಾಗಿ, ಒಬ್ಬ ಹುಡುಗ ಬಿಸಿ ಕಷಾಯದ ಪಾತ್ರೆಗೆ ತಾಗುವುದು ಸ್ವಲ್ಪದರಲ್ಲಿ ತಪ್ಪಿತು. ಮುಂದೆ ಮಾಡುವವರು ಹೊರಗೆ ಅಂಗಳ ಇರುವ ಜಾಗ ನೋಡಿ, ದೊಡ್ಡ ಮಕ್ಕಳಲ್ಲಿ ಇಬ್ಬರಿಗೆ ಆಟ ಆಡಿಸುವ ಕೆಲಸ ಒಪ್ಪಿಸಿ.

ಮೈಕ್ ಹಾಕಲಿಲ್ಲ. ಕನ್ನಡದ ಅಕ್ಕೋರ ಮೇಜಿನ ಸುತ್ತ ನಾಲ್ಕು ತಾಸೂ ಜನ ಬಿಡಲಿಲ್ಲ. ಎರಡೂವರೆಗೆ ಕೊನೆಯ ಚಹಾ ಕುಡಿದು, ಮನೆಯಲ್ಲಿರುವ ತಂಗಿಗೆ ಎಂದು ನಾಲ್ಕು ತೊಡೆದೇವು ಎಲೆಯಲ್ಲಿ ಕಟ್ಟಿಸಿಕೊಂಡು ಹೊರಟರು.

ಕಾರವಾರದ ಮಗಳು

ಓದಿ ಕಣ್ಣು ತುಂಬಿತು. ನಮ್ಮ ಬ್ಯಾಚ್‌ನವರೂ ಈಗ ಕಾರವಾರದಲ್ಲಿ ಮಾಡೋಣ ಎನ್ನುತ್ತಿದ್ದಾರೆ, ಸುಮಾರು 50 ಜನ. ಮೀನೂ ಇರಬೇಕು. ಒಗ್ಗರಣೆ ಸೌಟು ಅಕ್ಕಾ, ನಿಮ್ಮ ಹಾಗೆ ಲೆಕ್ಕ ಹಿಡಿದು ಹೇಳುವವರು ನಮ್ಮ ಕಡೆ ಯಾರಾದರೂ ಗೊತ್ತಾ?

ಒಗ್ಗರಣೆ ಸೌಟು

ಮೀನಿನ ಅಡುಗೆ ನನಗೆ ಬರುವುದಿಲ್ಲ ತಂಗೀ. ಅಂಕೋಲಾ ಕಡೆ ಮದುವೆಗೆ ಮೀನೂಟ ಮಾಡುವ ಒಬ್ಬರು ಗೊತ್ತು, ಅವರನ್ನು ಕೇಳಿ ನಂಬರ್ ನಿನಗೆ ಬೇರೆ ಕಳಿಸುತ್ತೇನೆ. ಎಷ್ಟು ಜನ ಅಂದಿ, 50 ಅಲ್ವಾ? ಡ್ರೈವರುಗಳನ್ನು ಸೇರಿಸಿಯೋ, ಬಿಟ್ಟೋ?